ಉಣ್ಣೆಗೆ ಲಸಿಕೆ: ಎಲ್ಲಿದೆ, ಏನು ಮಾಡುತ್ತದೆ, ನಮಗೇಕೆ ಇನ್ನೂ ಸಿಕ್ಕಿಲ್ಲ?

ಪ್ರಶ್ನೆ: ನಮ್ಮದು ಚನ್ನರಾಯಪಟ್ಟಣ ತಾಲ್ಲೂಕು. ನಾಲ್ಕು ಎಚ್‌ಎಫ್ ಹಸು, ಎರಡು ಕರು ಇವೆ. ಉಣ್ಣೆ (ಉಣುಗು) ಕಾಟ ತಡೆಯಲು ಆಗುತ್ತಿಲ್ಲ. ಔಷಧಿ ಹೊಡೆದ ಹತ್ತು ದಿನಕ್ಕೇ ಕೆಚ್ಚಲ ಸಂದಿ, ಬಾಲದ ಬುಡ, ಕಿವಿಯೊಳಗೆ ಮತ್ತೆ ಕಾಣಿಸುತ್ತವೆ. ಕಾಲುಬಾಯಿ ಜ್ವರಕ್ಕೆ, ಗಳಲೆ ರೋಗಕ್ಕೆ, ಚರ್ಮಗಂಟು ರೋಗಕ್ಕೆ ಲಸಿಕೆ ಇದೆ, ಉಣ್ಣೆಗೆ ಯಾಕಿಲ್ಲ? ಹೊರದೇಶದಲ್ಲಿ ಇದೆಯಂತೆ, ನಿಜವೇ? ನಮ್ಮೂರಲ್ಲೊಬ್ಬರು ಕರುಗಳಿಗೆ ‘ಉಣ್ಣೆ ಇಂಜೆಕ್ಷನ್’ ಹಾಕಿಸಿದ್ದಾರೆ, ಆದರೂ ಅವುಗಳ ಮೈಮೇಲೆ ಉಣ್ಣೆ ಇದ್ದೇ ಇವೆ. ಅದು ಯಾವ ಇಂಜೆಕ್ಷನ್? ಸದ್ಯಕ್ಕೆ ನಾವೇನು ಮಾಡಬೇಕು?

ಉತ್ತರ: ನೀವು ಕೇಳಿದ್ದು ನಿಜ. ಉಣ್ಣೆಗೆ ಲಸಿಕೆ ಇದೆ, ಅದು ನಿನ್ನೆ ಮೊನ್ನೆಯದೂ ಅಲ್ಲ. ಕ್ಯೂಬಾದಲ್ಲಿ 1993ರಲ್ಲಿ, ಆಸ್ಟ್ರೇಲಿಯಾದಲ್ಲಿ 1994ರಲ್ಲಿ ಅದು ಮಾರುಕಟ್ಟೆಗೆ ಬಂತು. ಆದರೆ ಭಾರತದಲ್ಲಿ ಅಂಥ ಲಸಿಕೆ ಔಷಧಿ ಅಂಗಡಿಯಲ್ಲೂ ಸಿಗುವುದಿಲ್ಲ, ಪಶು ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಯಾಕೆ ಎನ್ನುವುದು ಸ್ವಲ್ಪ ಉದ್ದದ ವಿಷಯ. ಅದಕ್ಕೆ ಮೊದಲು ನಿಮ್ಮೂರಿನ ಇಂಜೆಕ್ಷನ್ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಈ ಗೊಂದಲದಿಂದ ಹಣವೂ ಹೋಗುತ್ತದೆ, ದನವೂ ಹೋಗುತ್ತದೆ.

ಅದು ಎರಡರಲ್ಲಿ ಒಂದಿರಬೇಕು. ಒಂದು, ಐವರ್ಮೆಕ್ಟಿನ್. ಇದು ಲಸಿಕೆಯಲ್ಲ, ಔಷಧಿ. ರಕ್ತದಲ್ಲಿ ಸೇರಿ, ರಕ್ತ ಹೀರಿದ ಉಣ್ಣೆಯನ್ನು ಕೊಲ್ಲುತ್ತದೆ. ಕೆಲವು ವಾರಗಳಲ್ಲಿ ಅದರ ಪ್ರಭಾವ ಮುಗಿಯುತ್ತದೆ. ಹಾಲಿನಲ್ಲಿ ಅದರ ಅಂಶ ಬರುವುದರಿಂದ ಹಾಲು ಹಿಂಡುವ ಹಸುಗಳಿಗೆ ಹಾಕಿಸಬಾರದು. ಇನ್ನೊಂದು, ಥೈಲೇರಿಯಾ ಲಸಿಕೆ. ‘ರಕ್ಷಾವ್ಯಾಕ್-ಟಿ’ ಹೆಸರಿನಲ್ಲಿ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಇದು ಜೀವಂತ ಲಸಿಕೆಯಾದ್ದರಿಂದ ವೀರ್ಯದ ಕಡ್ಡಿಗಳ ಹಾಗೆ ದ್ರವ ಸಾರಜನಕದಲ್ಲೇ ಇಡಬೇಕು. ಎರಡು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಹಾಕುತ್ತಾರೆ, ಗಬ್ಬದ ಹಸುಗಳಿಗೆ ಹಾಕುವುದಿಲ್ಲ. ಇದು ತಡೆಯುವುದು ಹಯಲೋಮಾ ಜಾತಿಯ ಉಣ್ಣೆ ಹರಡುವ ‘ಥೈಲೇರಿಯಾ ಆನ್ಯುಲೇಟಾ’ ರೋಗವನ್ನು ಮಾತ್ರ. ಉಣ್ಣೆ ಹತ್ತುವುದನ್ನು ಇದು ತಡೆಯುವುದಿಲ್ಲ. ಕೆಂಪು ಮೂತ್ರ ಬರಿಸುವ ಬಬೇಸಿಯಾ ರೋಗವನ್ನೂ ತಡೆಯುವುದಿಲ್ಲ. ಹಾಗಾಗಿ ಆ ಕರುಗಳ ಮೈಮೇಲೆ ಉಣ್ಣೆ ಇದ್ದರೆ ಲಸಿಕೆ ಸೋತಿದೆ ಎಂದುಕೊಳ್ಳಬೇಡಿ, ಅದು ಉಣ್ಣೆಗೆಂದು ಮಾಡಿದ್ದೇ ಅಲ್ಲ. ಹಾಕಿಸಿದವರು ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ. ನಿಮ್ಮ ಕರುಗಳಿಗೂ ಹಾಕಿಸಬಹುದೇ ಎಂದು ನಿಮ್ಮ ಪಶುವೈದ್ಯರನ್ನು ಕೇಳಿ.

ಈಗ ಉಣ್ಣೆಯ ಲಸಿಕೆಗೆ ಬರೋಣ. ಕಾಲುಬಾಯಿ ಜ್ವರದ ವೈರಾಣು ದನದ ದೇಹದೊಳಗೆ ಬರುತ್ತದೆ. ಒಳಗೆ ಬಂದದ್ದನ್ನು ಗುರುತು ಹಿಡಿದು ಕೊಲ್ಲುವುದನ್ನು ದೇಹಕ್ಕೆ ಮೊದಲೇ ಕಲಿಸಿಕೊಡುವುದು ಲಸಿಕೆಯ ಕೆಲಸ. ಉಣ್ಣೆ ಒಳಗೆ ಬರುವುದೇ ಇಲ್ಲ. ಮುಳ್ಳಿನಂಥ ಬಾಯಿಯನ್ನು ಚರ್ಮಕ್ಕೆ ಚುಚ್ಚಿ ಹೊರಗೇ ಕೂತಿರುತ್ತದೆ. ಚುಚ್ಚಿದ ಜಾಗಕ್ಕೆ ಬಿಡುವ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ, ನೋವು ತಿಳಿಯದಂತೆ ಮಾಡುವ, ದನದ ರೋಗನಿರೋಧಕ ಶಕ್ತಿಯನ್ನೇ ಅಲ್ಲಿ ಕುಗ್ಗಿಸುವ ಹತ್ತಾರು ಬಗೆಯ ಪ್ರೋಟೀನುಗಳಿರುತ್ತವೆ.

ಆದರೂ ದನ ಸುಮ್ಮನೆ ಕೂರುವುದಿಲ್ಲ. ಒಂದೇ ಕೊಟ್ಟಿಗೆಯಲ್ಲಿ ಹಳ್ಳಿಕಾರ್ ಎತ್ತನ್ನೂ ಎಚ್‌ಎಫ್ ಹಸುವನ್ನೂ ಕಟ್ಟಿದವರಿಗೆ ಇದು ಗೊತ್ತು. ಹಸುವಿನ ಗಂಗೆದೊಗಲ ತುಂಬ ಉಣ್ಣೆ ತುಂಬಿದ್ದರೆ ಎತ್ತಿನ ಮೈಮೇಲೆ ಹುಡುಕಿದರೆ ಮಾತ್ರ ಸಿಗುತ್ತವೆ. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡದಂಥ ನಾಡತಳಿಗಳ ಚರ್ಮ ಉಣ್ಣೆ ಮರಿಯ ಕಡಿತಕ್ಕೆ ಬೇಗ ಸ್ಪಂದಿಸುತ್ತದೆ, ತುರಿಕೆ ಹತ್ತುತ್ತದೆ, ದನ ನೆಕ್ಕಿ ಉದುರಿಸುತ್ತದೆ. ಪ್ರಾಣಿಗೆ ಉಣ್ಣೆಯ ವಿರುದ್ಧ ನಿಜವಾಗಿಯೂ ರೋಗನಿರೋಧಕ ಶಕ್ತಿ ಬೆಳೆಯುತ್ತದೆ ಎಂಬುದನ್ನು ಅಮೆರಿಕದ ವಿಲಿಯಂ ಟ್ರೇಗರ್ 1939ರಲ್ಲೇ ಗಿನಿಯಿಲಿಗಳಲ್ಲಿ ತೋರಿಸಿದ್ದರು. ಒಮ್ಮೆ ಉಣ್ಣೆ ಕಚ್ಚಿಸಿದ ಗಿನಿಯಿಲಿಗೆ ಮತ್ತೆ ಬಿಟ್ಟ ಉಣ್ಣೆ ಮರಿಗಳು ಸರಿಯಾಗಿ ರಕ್ತ ಹೀರಲಾರದೆ ಹೋದವು.

ನಲವತ್ತು ವರ್ಷದ ಮೇಲೆ, 1979ರಲ್ಲಿ, ಆಲನ್ ಮತ್ತು ಹಂಫ್ರೀಸ್ ಎಂಬ ಇಬ್ಬರು ಸಂಶೋಧಕರು ಬೇರೆ ದಾರಿ ಹಿಡಿದರು. ಉಣ್ಣೆಯ ಜೊಲ್ಲಿನ ಬದಲು ಅದರ ಒಳಗಿನ ಅಂಗಾಂಗಗಳನ್ನೇ ಅರೆದು ಚುಚ್ಚಿದರು. ಗಿನಿಯಿಲಿಗಳಲ್ಲೂ ದನಗಳಲ್ಲೂ ಅದು ಕೆಲಸ ಮಾಡಿತು. ಇಡೀ ಕ್ಷೇತ್ರ ತಿರುಗಿದ್ದು ಇಲ್ಲೇ ಎಂದು ನಾನು ಭಾವಿಸುತ್ತೇನೆ. ಜೊಲ್ಲಿನ ಪ್ರೋಟೀನುಗಳನ್ನು ದನದ ದೇಹ ಲಕ್ಷಾಂತರ ವರ್ಷಗಳಿಂದ ಕಾಣುತ್ತಲೇ ಬಂದಿದೆ, ಉಣ್ಣೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ. ಆದರೆ ಉಣ್ಣೆಯ ಕರುಳನ್ನು ದನದ ದೇಹ ಎಂದೂ ಕಂಡಿಲ್ಲ, ಹಾಗಾಗಿ ಆ ಕಡೆಯಿಂದ ಪೆಟ್ಟು ಬಿದ್ದೀತೆಂದು ಉಣ್ಣೆಗೆ ರಕ್ಷಣೆ ಬೆಳೆಸಿಕೊಳ್ಳುವ ಸಂದರ್ಭವೇ ಬಂದಿಲ್ಲ.

ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದಲ್ಲಿ ಪೀಟರ್ ವಿಲಾಡ್ಸನ್, ಡೇವಿಡ್ ಕೆಂಪ್ ಮತ್ತು ಸಂಗಡಿಗರು ಇದನ್ನೇ ಹಿಡಿದು ಹೊರಟರು. ಅರೆಹೊಟ್ಟೆ ರಕ್ತ ಕುಡಿದ ಉಣ್ಣೆಗಳನ್ನು ರಾಶಿ ರಾಶಿ ಕಲೆಹಾಕಿ, ಅರೆದು, ಬೇರ್ಪಡಿಸಿ, ಒಂದೊಂದು ಭಾಗವನ್ನೂ ದನಗಳಿಗೆ ಚುಚ್ಚಿ ನೋಡಿ, ಕೊನೆಗೆ ಕರುಳಿನ ಜೀವಕೋಶಗಳ ಮೇಲ್ಮೈಯಲ್ಲಿರುವ ಒಂದೇ ಒಂದು ಪ್ರೋಟೀನಿಗೆ ಬಂದು ತಲುಪಿದರು. ಅದರ ಹೆಸರು ಬಿಎಂ86. ಅದರ ಜೀನನ್ನು ಬೇರ್ಪಡಿಸಿ, ಬ್ಯಾಕ್ಟೀರಿಯಾದೊಳಗೆ ಇಟ್ಟು ಪ್ರೋಟೀನನ್ನು ತಯಾರಿಸಿದ ವರದಿ 1989ರಲ್ಲಿ ಬಂತು. ‘ಟಿಕ್‌ಗಾರ್ಡ್’ ಲಸಿಕೆ ಹುಟ್ಟಿದ್ದು ಅದರಿಂದ. ಕ್ಯೂಬಾದ ಹವಾನಾದಲ್ಲಿರುವ ಜೆನೆಟಿಕ್ ಎಂಜಿನಿಯರಿಂಗ್ ಮತ್ತು ಜೈವಿಕ ತಂತ್ರಜ್ಞಾನ ಕೇಂದ್ರದವರು ಅದೇ ಪ್ರೋಟೀನನ್ನು ಬ್ಯಾಕ್ಟೀರಿಯಾದ ಬದಲು ಯೀಸ್ಟ್‌ನಲ್ಲಿ ಬೆಳೆಸಿ ‘ಗಾವಾಕ್’ ಮಾಡಿದರು.

ಇದು ಉಣ್ಣೆಯೊಳಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಕ್ತ ತುಂಬಿದ ಹೆಣ್ಣು ಉಣ್ಣೆ ಹರಳು ಬೀಜದ ಹಾಗೆ ಕಾಣುತ್ತದೆ. ಅದರ ಬೆನ್ನಿನ ಸಿಪ್ಪೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿದರೆ ಒಳಗಿನ ಜಾಗವನ್ನೆಲ್ಲ ಕಡುಗಂದು ಬಣ್ಣದ, ಕವಲು ಕವಲಾದ ಕರುಳೇ ತುಂಬಿಕೊಂಡಿರುತ್ತದೆ. ನಮ್ಮ ಹೊಟ್ಟೆಯಲ್ಲಿ ಆಹಾರ ಜೀರ್ಣವಾಗುವುದು ಕರುಳಿನ ಟೊಳ್ಳಿನಲ್ಲಿ. ಉಣ್ಣೆಯಲ್ಲಿ ಹಾಗಲ್ಲ, ಅದರ ಕರುಳಿನ ಜೀವಕೋಶಗಳು ರಕ್ತವನ್ನು ತಮ್ಮೊಳಗೆ ಎಳೆದುಕೊಂಡು ಅಲ್ಲಿ ಜೀರ್ಣಿಸುತ್ತವೆ. ಟೊಳ್ಳಿನಲ್ಲಿರುವ ರಕ್ತ ದಿನಗಟ್ಟಲೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆದ್ದರಿಂದ ಆ ರಕ್ತದ ಜೊತೆ ಬಂದ ಪ್ರತಿಕಾಯಗಳೂ, ಅಂದರೆ ದನದ ದೇಹ ತಯಾರಿಸಿದ ರಕ್ಷಣಾ ಪ್ರೋಟೀನುಗಳೂ, ಹಾಳಾಗದೆ ಉಳಿಯುತ್ತವೆ. ಲಸಿಕೆ ಹಾಕಿದ ಹಸುವಿನ ಪ್ರತಿಕಾಯ ಕರುಳಿನ ಗೋಡೆಯ ಬಿಎಂ86ಕ್ಕೆ ಅಂಟುತ್ತದೆ, ಜೀವಕೋಶ ಒಡೆಯುತ್ತದೆ, ಗೋಡೆ ಸೋರುತ್ತದೆ. ಕರುಳಿನಲ್ಲಿರಬೇಕಾದ ರಕ್ತ ಉಣ್ಣೆಯ ಮೈಯೊಳಗೆಲ್ಲ ಹರಡಿ, ಬೂದು ಬಣ್ಣಕ್ಕಿರಬೇಕಾದ ಉಣ್ಣೆ ಹೊರಗಿನಿಂದಲೇ ಕೆಂಪಗೆ ಕಾಣುತ್ತದೆ. ಲಸಿಕೆ ಹಾಕಿದ ದನಗಳ ಮೇಲೆ ಇಂಥ ಕೆಂಪು ಉಣ್ಣೆ ಕಂಡರೆ ಅದು ಕೆಲಸ ಮಾಡುತ್ತಿದೆ ಎಂದರ್ಥ.

ಗಮನಿಸಿ, ಉಣ್ಣೆ ಕಚ್ಚಿದ್ದಾಗಿದೆ, ರಕ್ತ ಕುಡಿದದ್ದೂ ಆಗಿದೆ. ಈ ಲಸಿಕೆ ಉಣ್ಣೆ ಹತ್ತುವುದನ್ನು ತಡೆಯುವುದಿಲ್ಲ, ಹತ್ತಿದ್ದನ್ನು ಮರುದಿನ ಉದುರಿಸುವುದೂ ಇಲ್ಲ. ಕೆಲವು ಸಾಯುತ್ತವೆ, ಉಳಿದವು ಸೊರಗುತ್ತವೆ, ಕಡಿಮೆ ಮೊಟ್ಟೆ ಇಡುತ್ತವೆ, ಇಟ್ಟ ಮೊಟ್ಟೆಯಲ್ಲೂ ಎಷ್ಟೋ ಒಡೆದು ಮರಿಯಾಗುವುದಿಲ್ಲ. ಹಾಗಾಗಿ ಲಸಿಕೆಯ ‘ಶೇಕಡಾವಾರು ಪರಿಣಾಮ’ ಎಂದು ವಿಜ್ಞಾನಿಗಳು ಬರೆಯುವ ಅಂಕಿಯನ್ನು ಹೈನುಗಾರರು ಓದುವ ರೀತಿ ಬೇರೆ ಇರಬೇಕು. ಒಂದು ಲೆಕ್ಕ ಹಾಕಿ ನೋಡಿ. ಲಸಿಕೆ ಹಾಕದ ಹಸುವಿನಿಂದ 100 ಹೆಣ್ಣುಣ್ಣೆ ಉದುರಿ, ತಲಾ 2,500 ಮೊಟ್ಟೆ ಇಟ್ಟು, ಎಲ್ಲವೂ ಒಡೆದರೆ ಎರಡೂವರೆ ಲಕ್ಷ ಮರಿ. ಲಸಿಕೆ ಹಾಕಿದ ಹಸುವಿನಿಂದ 50 ಉದುರಿ, ತಲಾ 1,500 ಮೊಟ್ಟೆ ಇಟ್ಟು, ಅದರಲ್ಲಿ ಅರ್ಧ ಒಡೆದರೆ 37,500 ಮರಿ. ಲಸಿಕೆಯ ಪರಿಣಾಮ 85 ಶೇಕಡಾ! ಆದರೆ ಹಸುವಿನ ಮೈ ಸವರಿದವರ ಕೈಗೆ ಸಿಕ್ಕುವುದು ಮೊದಲಿನ ಅರ್ಧದಷ್ಟು ಉಣ್ಣೆ. ಮೊದಲ ತಿಂಗಳಲ್ಲೇ ‘ಇದು ದಂಡ’ ಎಂದು ಕೈಬಿಟ್ಟರೆ ಅವರದ್ದು ತಪ್ಪೆನ್ನಲಾಗದು, ಮೊದಲೇ ತಿಳಿಸಿ ಹೇಳದವರದ್ದು ತಪ್ಪು. ಲಾಭ ಕಾಣುವುದು ಮುಂದಿನ ಪೀಳಿಗೆಯಲ್ಲಿ, ಹುಲ್ಲಿನ ಮೇಲೆ ಮರಿಉಣ್ಣೆ ಕಡಿಮೆಯಾದಾಗ. ಅದೂ ಆ ಹುಲ್ಲು ಮೇಯುವ ದನಗಳಿಗೆಲ್ಲ ಲಸಿಕೆ ಬಿದ್ದಿದ್ದರೆ ಮಾತ್ರ. ನಿಮ್ಮ ನಾಲ್ಕು ಹಸುಗಳಿಗೆ ಹಾಕಿ, ಅದೇ ಗೋಮಾಳಕ್ಕೆ ಬರುವ ಊರಿನ ಉಳಿದ ದನಗಳಿಗೆ ಹಾಕದಿದ್ದರೆ ಹಣ ನೀರುಪಾಲು. ಇದು ಊರೊಟ್ಟಿನ ಲಸಿಕೆ, ಒಬ್ಬರ ಕೊಟ್ಟಿಗೆಯದ್ದಲ್ಲ.

ಕ್ಯೂಬಾದಲ್ಲಿ ಇದು ಗೆದ್ದದ್ದು ಅದಕ್ಕೇ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಹೊರಗಿನಿಂದ ಕೀಟನಾಶಕ ತರಿಸುವುದು ಆ ದೇಶಕ್ಕೆ ಕಷ್ಟವಾಗಿತ್ತು. ಸರ್ಕಾರವೇ ಮುಂದೆ ನಿಂತು ಇಡೀ ಹಿಂಡುಗಳಿಗೆ ಲಸಿಕೆ ಹಾಕಿಸಿತು. ಮೊದಲ ದಿನ, ನಾಲ್ಕನೇ ವಾರ, ಏಳನೇ ವಾರ, ಆಮೇಲೆ ಆರು ತಿಂಗಳಿಗೊಮ್ಮೆ. ಜೊತೆಗೆ ಔಷಧಿ ಸಿಂಪಡಣೆಯನ್ನು ಪೂರ್ತಿ ಬಿಡದೆ, ಬೇಕಾದಾಗ ಮಾತ್ರ ಮಾಡಿದರು. 1995ರಿಂದ 2003ರವರೆಗೆ 5.88 ಲಕ್ಷ ಹಾಲಿನ ದನಗಳಲ್ಲಿ ನಡೆದ ಈ ಕಾರ್ಯಕ್ರಮದಲ್ಲಿ ಸಿಂಪಡಣೆಗಳ ಸಂಖ್ಯೆ 87 ಶೇಕಡಾ ಇಳಿಯಿತು, ಬಬೇಸಿಯಾ ರೋಗವೂ ಕಡಿಮೆಯಾಯಿತು. ಆಸ್ಟ್ರೇಲಿಯಾದಲ್ಲಿ ಆದದ್ದು ಇದಕ್ಕೆ ವಿರುದ್ಧ. ಲಸಿಕೆ ಚೆನ್ನಾಗಿಯೇ ಇತ್ತು. ಆದರೆ ಉಣ್ಣೆ ಕಚ್ಚಿದಾಗ ದನದ ದೇಹಕ್ಕೆ ಬಿಎಂ86 ಎದುರಾಗುವುದೇ ಇಲ್ಲವಾದ್ದರಿಂದ ಪ್ರತಿಕಾಯ ತಾನಾಗಿ ಏರುವುದಿಲ್ಲ, ಮತ್ತೆ ಮತ್ತೆ ಚುಚ್ಚಲೇಬೇಕು. ಕ್ವೀನ್ಸ್‌ಲ್ಯಾಂಡಿನ ಸಾವಿರಾರು ಎಕರೆ ಹುಲ್ಲುಗಾವಲಿನಲ್ಲಿ ಚದುರಿದ ಮಾಂಸದ ದನಗಳನ್ನು ಎರಡು ಮೂರು ತಿಂಗಳಿಗೊಮ್ಮೆ ಅಟ್ಟಿ ತಂದು ಇಂಜೆಕ್ಷನ್ ಕೊಡುವುದು ಯಾರಿಂದಾದೀತು? ಕೊನೆಗೆ ಟಿಕ್‌ಗಾರ್ಡ್ ಮಾರುಕಟ್ಟೆಯಿಂದಲೇ ಹೋಯಿತು. ಅಮೆರಿಕದ ಟೆಕ್ಸಾಸ್‌ನಲ್ಲಿ ಮಾತ್ರ, ಮೆಕ್ಸಿಕೋ ಗಡಿಯ ರಿಯೋ ಗ್ರಾಂಡೆ ನದಿಯುದ್ದಕ್ಕೂ ಇರುವ ಉಣ್ಣೆ ನಿರ್ಬಂಧ ವಲಯದಲ್ಲಿ 2016ರಿಂದ ಬಿಎಂ86 ಲಸಿಕೆಯನ್ನು ಸರ್ಕಾರಿ ಕಾರ್ಯಕ್ರಮದಲ್ಲಿ ಬಳಸತೊಡಗಿದರು.

‘ಹಾಗಾದರೆ ಗಾವಾಕನ್ನೇ ತರಿಸಬಾರದೇ’ ಎಂದು ನೀವು ಕೇಳಬಹುದು. ತರಿಸಿದರೂ ಸಾಲದು. ನಿಮ್ಮ ಹಸುಗಳ ಮೈಮೇಲೆ ಹೆಚ್ಚಾಗಿರುವುದು ‘ರಿಪಿಸೆಫಲಸ್ ಮೈಕ್ರೋಪ್ಲಸ್’ ಎಂಬ ಜಾತಿ, ಕ್ಯೂಬಾದಲ್ಲಿ ಇರುವುದೂ ಅದೇ. ಆದರೆ ಊರಿಂದೂರಿಗೆ ಅದರ ಬಿಎಂ86 ಸ್ವಲ್ಪ ಸ್ವಲ್ಪ ಬೇರೆ. ಅರ್ಜೆಂಟೀನಾದ ಒಂದು ಉಣ್ಣೆ ತಳಿಯ ಮೇಲೆ ಈ ಲಸಿಕೆ ನಡೆಯದೆ, ಅದರಿಂದಲೇ ಬಿಎಂ95 ಎಂಬ ಇನ್ನೊಂದು ಪ್ರೋಟೀನು ತೆಗೆಯಬೇಕಾಯಿತು. ಬರೇಲಿ ಹತ್ತಿರದ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಮಿಶ್ರತಳಿ ಕರುಗಳ ಮೇಲೆ ಬಿಎಂ86 ಪರೀಕ್ಷಿಸಿದಾಗ ನಮ್ಮ ಮೈಕ್ರೋಪ್ಲಸ್ ವಿರುದ್ಧ ಸಿಕ್ಕ ಪರಿಣಾಮ ಸುಮಾರು 45 ಶೇಕಡಾ, ಹಯಲೋಮಾ ವಿರುದ್ಧ ಸುಮಾರು 25. ಮೇಲಿನ ಲೆಕ್ಕ ನೋಡಿದ ಮೇಲೆ 45 ಶೇಕಡಾ ಎಂದರೆ ಕಣ್ಣಿಗೆ ಏನೂ ವ್ಯತ್ಯಾಸ ಕಾಣದು ಎಂದು ನಿಮಗೇ ಹೊಳೆದಿರುತ್ತದೆ. ವಿಚಿತ್ರವೆಂದರೆ ಇದೇ ಪ್ರೋಟೀನು ಮೈಕ್ರೋಪ್ಲಸ್‌ನ ಹತ್ತಿರದ ಸಂಬಂಧಿ ‘ಆನ್ಯುಲೇಟಸ್’ ಜಾತಿಯ ಮೇಲೆ ಹೊರದೇಶದ ಪರೀಕ್ಷೆಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ಕೆಲಸ ಮಾಡಿದೆ. ಕೇರಳದ ದನಗಳಲ್ಲಿ ಆ ಜಾತಿಯೇ ಹೆಚ್ಚು.

ಇನ್ನೊಂದು ತೊಡಕು, ನಮ್ಮ ದನದ ಮೇಲೆ ಒಂದೇ ಜಾತಿಯ ಉಣ್ಣೆ ಇರುವುದಿಲ್ಲ. ಮೈಕ್ರೋಪ್ಲಸ್ ಜೊತೆಗೆ ಹಯಲೋಮಾ, ಹೀಮಫೈಸಾಲಿಸ್ ಎಲ್ಲ ಇರುತ್ತವೆ. ಎಲ್ಲವಕ್ಕೂ ನಡೆಯುವ ಒಂದು ಪ್ರೋಟೀನು ಬೇಕು. ಹೋಸೆ ಡೆ ಲಾ ಫುವೆಂತೆ ಮತ್ತು ಸಂಗಡಿಗರು 2003ರಲ್ಲಿ ಗುರುತಿಸಿದ ಸಬೊಲೆಸಿನ್ ಮೇಲೆ ನನಗೆ ಹೆಚ್ಚು ಭರವಸೆ ಇರುವುದು ಈ ಕಾರಣಕ್ಕೆ. ಅದು ಉಣ್ಣೆಯ ಜೀವಕೋಶದೊಳಗೆ ಹಲವು ಜೀನುಗಳನ್ನು ನಿಯಂತ್ರಿಸುವ ಪ್ರೋಟೀನು, ಜಾತಿಯಿಂದ ಜಾತಿಗೆ ಅಷ್ಟಾಗಿ ಬದಲಾಗುವುದಿಲ್ಲ. ಉಗಾಂಡಾದ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಸ್ಪೇನಿನ ವಿಜ್ಞಾನಿಗಳ ಜೊತೆ ಸೇರಿ ಅದನ್ನು ಅಲ್ಲಿನ ದನಗಳಲ್ಲಿ ಪರೀಕ್ಷಿಸಿದೆ. ಉಣ್ಣೆ ಕುಡಿದ ರಕ್ತದ ನೀರನ್ನು ಹೊರಹಾಕಲು ಬೇಕಾದ ಅಕ್ವಾಪೋರಿನ್ ಎಂಬ ಪ್ರೋಟೀನಿನಿಂದ ಮಾಡಿದ ಲಸಿಕೆ ಬ್ರೆಜಿಲ್‌ನ ಎರಡು ಪರೀಕ್ಷೆಗಳಲ್ಲಿ 75 ಮತ್ತು 68 ಶೇಕಡಾ ಪರಿಣಾಮ ತೋರಿತು. ಇಜ್ಜತ್‌ನಗರದವರೂ ಸಬೊಲೆಸಿನ್ ಸೇರಿದಂತೆ ಹಲವು ಪ್ರೋಟೀನುಗಳ ಮೇಲೆ ಕೆಲಸ ಮಾಡಿದ್ದಾರೆ. ಒಂದರ ಬದಲು ಎರಡು ಮೂರು ಪ್ರೋಟೀನು ಸೇರಿಸಿದ ಲಸಿಕೆ, ವರ್ಷಕ್ಕೆ ಎರಡು ಬಾರಿ, ಕಾಲುಬಾಯಿ ಲಸಿಕೆಯ ಅಭಿಯಾನದ ಜೊತೆಗೇ ಮನೆ ಬಾಗಿಲಿಗೆ ಬಂದರೆ ಮಾತ್ರ ನಮ್ಮಲ್ಲಿ ಅದು ನಡೆದೀತು ಎನ್ನುವುದು ನನ್ನ ಅಭಿಪ್ರಾಯ. ಊರಿನ ದನಗಳನ್ನೆಲ್ಲ ಒಂದೇ ವಾರದಲ್ಲಿ ಮುಟ್ಟುವ ವ್ಯವಸ್ಥೆ ನಮ್ಮಲ್ಲಿ ಈಗಾಗಲೇ ಇದೆ. ಅದು ಸಣ್ಣ ಮಾತಲ್ಲ.

ಮಲೆನಾಡಿನ ಓದುಗರು ಮಂಗನ ಕಾಯಿಲೆಯ ಬಗ್ಗೆಯೂ ಆಗಾಗ ಕೇಳುತ್ತಾರೆ. ಅದನ್ನು ಹರಡುವ ಉಣುಗು ಹೀಮಫೈಸಾಲಿಸ್ ಸ್ಪಿನಿಜೆರಾ. ಮೈಕ್ರೋಪ್ಲಸ್ ಮರಿಯಿಂದ ಮೊಟ್ಟೆಯವರೆಗೆ ಒಂದೇ ದನದ ಮೇಲೆ ಬದುಕು ಮುಗಿಸಿದರೆ, ಇದು ಪ್ರತಿ ಹಂತಕ್ಕೂ ಬೇರೆ ಪ್ರಾಣಿಯನ್ನು ಹಿಡಿಯುತ್ತದೆ. ಬೆಳೆದದ್ದು ದನದ ಮೇಲೆ, ಮರಿಗಳು ಮಂಗ, ಇಲಿ, ಹಕ್ಕಿ, ಮನುಷ್ಯರ ಮೇಲೆ. ಬಿಎಂ86 ಲಸಿಕೆ ಅದಕ್ಕೆ ಉತ್ತರವಲ್ಲ. ದನಗಳ ಮೇಲಿನ ಉಣುಗಿಗೆ ಔಷಧಿ ಹಚ್ಚುವುದನ್ನು ಅಲ್ಲಿ ಬಿಡಬಾರದು.

ಈಗ ನಿಮ್ಮ ಕೊಟ್ಟಿಗೆಗೆ ಬರೋಣ. ಹತ್ತು ದಿನಕ್ಕೇ ಉಣ್ಣೆ ಮತ್ತೆ ಬಂತು ಎಂದಿದ್ದೀರಿ. ಮೈಕ್ರೋಪ್ಲಸ್ ಮರಿ ದನಕ್ಕೆ ಹತ್ತಿ, ಬೆಳೆದು, ಉದುರಲು ಸುಮಾರು ಮೂರು ವಾರ ಬೇಕು. ಹತ್ತನೇ ದಿನ ಕಾಣುವುದು ಮರಿಗಳಾದರೆ ಅವು ಹೊಸದಾಗಿ ಹುಲ್ಲಿನಿಂದ ಹತ್ತಿದವು. ರಕ್ತ ತುಂಬಿದ ದಪ್ಪ ಉಣ್ಣೆಗಳಾದರೆ ಅವು ನಿಮ್ಮ ಔಷಧಿಗೆ ಸತ್ತೇ ಇಲ್ಲ. ಎರಡನೆಯದಾದರೆ ಒಂದೋ ಔಷಧಿ ಎಲ್ಲ ಕಡೆ ತಲುಪಿಲ್ಲ, ಇಲ್ಲವೇ ಉಣ್ಣೆ ಆ ಔಷಧಿಗೆ ಒಗ್ಗಿಹೋಗಿದೆ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗಳಿಗೆ ಒಗ್ಗಿದ ಮೈಕ್ರೋಪ್ಲಸ್ ದೇಶದ ಹಲವು ಕಡೆ ಸಿಕ್ಕಿದೆ. ಊಹಿಸಿಕೊಂಡು ಔಷಧಿ ಬದಲಿಸಬೇಡಿ, ಪರೀಕ್ಷೆ ಮಾಡಿಸಿ. ದಪ್ಪ ಉಣ್ಣೆಗಳನ್ನು ಬಿಡಿಸಿ, ಗಾಳಿಯಾಡುವ ಮುಚ್ಚಳದ ಡಬ್ಬಿಯಲ್ಲಿ ಸ್ವಲ್ಪ ಒದ್ದೆ ಹತ್ತಿಯ ಜೊತೆ ಹಾಕಿ, ಅಂದೇ ಹಾಸನದ ಪಶುವೈದ್ಯಕೀಯ ಕಾಲೇಜಿನ ಪರೋಪಜೀವಿ ವಿಭಾಗದವರಿಗೆ ತಲುಪಿಸಲು ನಿಮ್ಮ ಪಶುವೈದ್ಯರ ಮೂಲಕ ಏರ್ಪಾಡು ಮಾಡಿಕೊಳ್ಳಿ. ಸ್ಪಿರಿಟ್‌ನಲ್ಲಿ ಹಾಕಿ ಕೊಲ್ಲಬೇಡಿ. ಬೇರೆ ಬೇರೆ ಔಷಧಿಗಳಲ್ಲಿ ಅವನ್ನು ಅದ್ದಿ, ಯಾವುದರಲ್ಲಿ ಅದ್ದಿದವು ಆಮೇಲೂ ಮೊಟ್ಟೆ ಇಡುತ್ತವೆ ಎಂದು ನೋಡಿದರೆ ಉತ್ತರ ಸಿಗುತ್ತದೆ.

ಸಿಂಪಡಿಸುವಾಗ ದೊಡ್ಡ ಹಸುವಿಗೆ ನಾಲ್ಕೈದು ಲೀಟರ್ ದ್ರಾವಣ ಬೇಕು. ಒಂದು ಮಗ್‌ನಲ್ಲಿ ಕಲಸಿ ಬಟ್ಟೆಯಲ್ಲಿ ಬೆನ್ನು ಒರೆಸುವುದರಿಂದಲೇ ಉಣ್ಣೆ ಔಷಧಿಗೆ ಒಗ್ಗುವುದು. ಬಾಟಲಿಯ ಮೇಲೆ ಬರೆದ ಪ್ರಮಾಣಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ, ಎರಡು ಔಷಧಿ ಬೆರೆಸುವುದಂತೂ ಬೇಡವೇ ಬೇಡ. ಕೈಗವಸು ಹಾಕಿಕೊಂಡು, ಬಿಸಿಲಿಳಿದ ಮೇಲೆ, ದನಕ್ಕೆ ಮೊದಲು ನೀರು ಕುಡಿಸಿ, ಕಿವಿಯೊಳಗೂ ತೊಡೆಸಂದಿಗೂ ಬಾಲದ ಕೆಳಗೂ ತಲುಪುವಂತೆ ಹೊಡೆಯಿರಿ. ಕಿವಿಗೆ ಬಟ್ಟೆಯಲ್ಲಿ ಅದ್ದಿ ಹಚ್ಚಿದರೆ ಸಾಕು. ಮೂರು ವಾರಕ್ಕೆ ಮತ್ತೆ. ಕರು, ಎತ್ತು, ಎಮ್ಮೆ, ಪಕ್ಕದ ಮನೆಯ ದನ, ಎಲ್ಲಕ್ಕೂ ಒಂದೇ ದಿನ.

ರಕ್ತ ತುಂಬಿದ ಉಣ್ಣೆಗಳು ಹೆಚ್ಚಾಗಿ ಉದುರುವುದು ಬೆಳಗಿನ ಹೊತ್ತು. ಉದುರಿದ್ದು ನೇರ ಗೋಡೆಯ ಬಿರುಕಿಗೋ ಗೊಂತಿನ ಕೆಳಗಿನ ಸಂದಿಗೋ ಹೋಗಿ ಮೂರು ನಾಲ್ಕು ದಿನದಲ್ಲಿ ಮೊಟ್ಟೆಯಿಡಲು ಶುರುಮಾಡುತ್ತದೆ. ಹಾಗಾಗಿ ಬೆಳಿಗ್ಗೆ ಹಾಲು ಕರೆದ ಮೇಲೆ ಕಸ ಗುಡಿಸುವಾಗ ಉದುರಿದ ಉಣ್ಣೆಗಳನ್ನು ಹೆಕ್ಕಿ ಸುಡಿ, ಕಾಲಲ್ಲಿ ಉಜ್ಜಿ ಬಿಡಬೇಡಿ. ಗೋಡೆಯ ಬಿರುಕುಗಳನ್ನು ಸಿಮೆಂಟಿನಲ್ಲಿ ಮುಚ್ಚಿಸಿ. ಹೊಸ ಹಸು ತಂದರೆ ಔಷಧಿ ಹೊಡೆದು ಕೆಲವು ದಿನ ಬೇರೆ ಕಟ್ಟಿ, ಆಮೇಲೆ ಕೊಟ್ಟಿಗೆಗೆ ಸೇರಿಸಿ.

ಇಷ್ಟರ ನಡುವೆ ಯಾವುದಾದರೂ ಹಸು ಮೇವು ಬಿಟ್ಟು, ಜ್ವರ 105 ಡಿಗ್ರಿ ಮುಟ್ಟಿ, ಭುಜದ ಮುಂದಿನ ಗಂಟು ಊದಿದರೆ ಥೈಲೇರಿಯಾ ಇರಬಹುದು. ಮೂತ್ರ ಕಾಫಿ ಬಣ್ಣಕ್ಕೆ ಬಂದರೆ ಬಬೇಸಿಯಾ. ಎರಡಕ್ಕೂ ಒಳ್ಳೆಯ ಔಷಧಿ ಇದೆ, ಆದರೆ ಒಂದರದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ಅಂದೇ ಪಶುವೈದ್ಯರನ್ನು ಕರೆಸಿ, ಚುಚ್ಚುಮದ್ದು ಕೊಡುವ ಮೊದಲೇ ಕಿವಿಯ ರಕ್ತದ ಒಂದು ತೊಟ್ಟನ್ನು ಗಾಜಿನ ಸ್ಲೈಡಿನ ಮೇಲೆ ತೆಗೆಸಿಡಿ.